ತುಳಸಿಕಟ್ಟೆಯಲ್ಲಿ ಸ್ಪ್ಯಾನಿಷ್ ಪರೀಕ್ಷೆ

ಇವತ್ತು ಸಂಜೆ ದೀಪ ಹಿಡಿದು ಅಂಗಳಕ್ಕೆ ಇಳಿದರೆ ಮಗಳು ಮೊಬೈಲ್ ಹಿಡಿದು ತುಳಸಿಕಟ್ಟೆಗೆ ಒರಗಿ ಕುಳಿತಿದ್ದಾಳೆ ಮಾರಾಯ್ರೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಅವಳಿಗೆ ಆನ್‌ಲೈನಿನಲ್ಲಿ ಸ್ಪ್ಯಾನಿಷ್ ಪರೀಕ್ಷೆ.

"ಏಳು ಮಗಾ, ದೀಪ ಇಡ್ಬೇಕು."

"ಸ್ವಲ್ಪ ನಿಲ್ಲಮ್ಮ, ಕಡೇ ಪ್ರಶ್ನೆ. ಈ ಎಸ್ಪೆರಾರ್‌ಗೆ ಇಂಗ್ಲಿಷಿನಲ್ಲಿ ವೇಟ್ ಅಂತಲೂ ಉಂಟು, ಹೋಪ್ ಅಂತಲೂ ಉಂಟು, ಎಕ್ಸ್‌ಪೆಕ್ಟ್ ಅಂತಲೂ ಉಂಟು. ಇಲ್ಲಿ ಯಾವುದು ಬರೆಯುವುದು?"

"ಯಾವುದಾದ್ರೂ ಒಂದು ಬರೆದು ಏಳು, ಕತ್ತಲಾಯ್ತು."

"ತಪ್ಪಾದ್ರೆ ಫೇಲ್. ಎದ್ರೆ ನೆಟ್‌ವರ್ಕ್ ಹೋಗ್ತದೆ."

ದೇವರನ್ನು ಕಾಯಿಸುವ ಹಾಗಿಲ್ಲ, ಮಗಳನ್ನು ಎಬ್ಬಿಸುವ ಹಾಗಿಲ್ಲ. ದೀಪ ಇಟ್ಟು ಪ್ರದಕ್ಷಿಣೆ ಹಾಕಿದೆ. ಅವಳು ತಲೆ ಎತ್ತಲಿಲ್ಲ. ಕೊನೆಗೆ ಹೋಪ್ ಎಂದು ಬರೆದಳಂತೆ, ಪಾಸಾದಳು.

ತುಳಸಿಯಮ್ಮನ ಜೊತೆ ಮಗಳಿಗೂ ಸುತ್ತು ಬಂದ ತಾಯಿ ಇಡೀ ಬಂಟ್ವಾಳ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.