ಹತ್ತೊಂಬತ್ತು ನಿಮಿಷಗಳ ದನಿ

ನಮ್ಮ ಕಂಪನಿಯ ದಾಖಲೆಯಲ್ಲಿ ಅವರ ಹುದ್ದೆಗೆ ಏನೋ ಉದ್ದನೆಯ ಹೆಸರಿತ್ತು, ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವರು ಸಿಸ್ಟಮ್ ಅಣ್ಣ. ಇಪ್ಪತ್ತೆರಡು ವರ್ಷದ ಹಿಂದೆ ಗೋಡೆ ಕೊರೆದು ಕೇಬಲ್ ಎಳೆಯಲು ಬಂದವರು, ಆ ಕೇಬಲ್ ಎಲ್ಲಿಗೆ ಹೋಗುತ್ತದೆಂದು ನೋಡುತ್ತಾ ನೋಡುತ್ತಾ ಸರ್ವರ್ ಕೋಣೆಯವರೆಗೂ ಹೋಗಿ ಅಲ್ಲೇ ಉಳಿದುಬಿಟ್ಟರು. ಓದಿದ್ದು ಹತ್ತನೇ ತರಗತಿ. ಆದರೂ ಕಂಪ್ಯೂಟರ್ ಕೈಕೊಟ್ಟರೆ ದೊಡ್ಡ ದೊಡ್ಡ ಡಿಗ್ರಿಯವರೆಲ್ಲ "ಅಣ್ಣಾ" ಎಂದು ಓಡುತ್ತಿದ್ದದ್ದು ಅವರ ಹತ್ತಿರಕ್ಕೇ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಆಫ್ ಮಾಡಿ ಆನ್ ಮಾಡಿದ್ರಾ?" ಹತ್ತರಲ್ಲಿ ಏಳು ಸಲ ಅಷ್ಟಕ್ಕೇ ಸರಿಹೋಗುತ್ತಿತ್ತು.

ಲಾಕ್‌ಡೌನ್ ಬಂದಾಗ ಮುನ್ನೂರು ಚಿಲ್ಲರೆ ಜನ ಒಂದೇ ವಾರದಲ್ಲಿ ಮನೆಯಿಂದ ಕೆಲಸ ಶುರುಮಾಡಬೇಕಾಯಿತು. ಓಡಾಡುವ ಪಾಸ್ ಸಿಕ್ಕಿದ್ದು ಅಣ್ಣನಿಗೆ ಮತ್ತು ಕಾವಲುಗಾರರಿಗೆ ಮಾತ್ರ. ಆಫೀಸಿನ ವ್ಯಾನಿನಲ್ಲಿ ಕಂಪ್ಯೂಟರುಗಳನ್ನು ತುಂಬಿಕೊಂಡು ಬಿಕೋ ಎನ್ನುವ ರಸ್ತೆಗಳಲ್ಲಿ ಅವರೊಬ್ಬರೇ ಮನೆಮನೆಗೆ ಹಂಚಿಬಂದರು. ನಮ್ಮ ಬದುಕು ಹೇಗಿದೆಯೆಂದು ಮೊದಲು ಕಂಡದ್ದು ಅವರಿಗೇ. ಹಿರಿಯ ಎಂಜಿನಿಯರ್ ಒಬ್ಬರು ಬಾಲ್ಕನಿಯಲ್ಲಿ ಇಸ್ತ್ರಿ ಮೇಜು ಹಾಕಿಕೊಂಡು ಕೂತಿದ್ದರು. ಒಂದು ಮನೆಯಲ್ಲಿ ಹೆಂಡತಿ ಮಂಚದ ಮೇಲೆ, ಗಂಡ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಮೀಟಿಂಗಿನಲ್ಲಿ. ನಮ್ಮ ಮ್ಯಾನೇಜರ್ ಮಕ್ಕಳ ಗಲಾಟೆ ತಾಳಲಾರದೆ ನಿಲ್ಲಿಸಿದ ಕಾರಿನೊಳಗೆ ಕೂತು ಕೆಲಸ ಮಾಡುತ್ತಿದ್ದರು.

"ಲಕ್ಷ ಜನ ಉಪಯೋಗಿಸೋ ಸಾಫ್ಟ್‌ವೇರು ಇಸ್ತ್ರಿ ಮೇಜಿನ ಮೇಲೆ ತಯಾರಾಗ್ತಿದೆ ಕಣೇ," ಎಂದು ಅಣ್ಣ ಹೆಂಡತಿಗೆ ಹೇಳಿದ್ದರಂತೆ. "ಅದಕ್ಕೇ ಅಷ್ಟು ನೀಟಾಗಿ ಬರ್ತಿರ್ಬೇಕು ಬಿಡಿ," ಎಂದರಂತೆ ಆಕೆ.

ನಮ್ಮ ತಂಡದಲ್ಲಿ ಒಬ್ಬ ಹುಡುಗಿಯಿದ್ದಳು. ಇಪ್ಪತ್ತೈದು ವರ್ಷ, ಟೆಸ್ಟಿಂಗ್ ಕೆಲಸ. ನಾವು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವವಳು. ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲವಾದ್ದರಿಂದ ಅವಳನ್ನು ಚಿಲಿಪಿಲಿ ಎನ್ನುತ್ತಿದ್ದೆವು. ಬೆಳಗಿನ ಮೀಟಿಂಗಿಗೆ ನಾವೆಲ್ಲ ಸತ್ತಂತೆ ಬಂದು ಕೂತರೆ ಅವಳು, "ಯಾರಪ್ಪಾ ಅದು, ಮನೇಲಿ ಕುಕ್ಕರ್ ಕೂಗ್ತಿದೆ! ನಾಲ್ಕಾಯ್ತು, ಇಳಿಸಿ, ತಳ ಹತ್ತತ್ತೆ!" ಎಂದು ನಗಿಸುತ್ತಿದ್ದಳು. ತಂದೆತಾಯಿ ಇರಲಿಲ್ಲ. ಹತ್ತು ವರ್ಷ ದೊಡ್ಡವಳಾದ ಅಕ್ಕನೇ ಸಾಕಿ ಓದಿಸಿದ್ದಳು. ಅಕ್ಕ ನರ್ಸು. ಕೊರೊನಾ ರೋಗಿಗಳ ವಾರ್ಡಿಗೆ ಹಾಕಿದ ದಿನವೇ, ತನ್ನಿಂದ ತಂಗಿಗೆ ಅಂಟದಿರಲೆಂದು ಬಟ್ಟೆ ಕಟ್ಟಿಕೊಂಡು ಆಸ್ಪತ್ರೆಯ ಹಾಸ್ಟೆಲಿಗೆ ಹೋಗಿಬಿಟ್ಟಿದ್ದಳು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಚಿಲಿಪಿಲಿ ಒಬ್ಬಳೇ ಉಳಿದಳು.

ಎರಡನೇ ಅಲೆ ನಗರವನ್ನು ಹಿಂಡಿಹಾಕಿತು. ಒಬ್ಬರ ಕಾಲು ಇನ್ನೊಬ್ಬರು ಎಳೆಯುತ್ತಿದ್ದ ಕಂಪನಿಗಳವರೆಲ್ಲ ಸೇರಿ, ಯಾವ ಆಸ್ಪತ್ರೆಯಲ್ಲಿ ಹಾಸಿಗೆಯಿದೆ, ಎಲ್ಲಿ ಆಕ್ಸಿಜನ್ ಇದೆ ಎಂದು ತೋರಿಸುವ ಒಂದು ವೆಬ್ ಪುಟವನ್ನು ಎರಡೇ ದಿನದಲ್ಲಿ ಕಟ್ಟಿದೆವು. ಆಫೀಸಿನ ಕೆಲಸ ಮುಗಿಸಿ ಸರದಿಯ ಮೇಲೆ ಆಸ್ಪತ್ರೆಗಳಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಿದ್ದೆವು. ಅದರಲ್ಲಿ ಎಲ್ಲರಿಗಿಂತ ಹೆಚ್ಚು ಫೋನ್ ಮಾಡಿದವಳು ಚಿಲಿಪಿಲಿಯೇ.

ಒಂದು ಮಂಗಳವಾರ ಅವಳು ಅಣ್ಣನ ಸಹಾಯವಾಣಿಗೆ ನಾಲ್ಕು ಸಲ ಫೋನ್ ಮಾಡಿದಳು. ಲ್ಯಾಪ್‌ಟಾಪ್ ನಿಧಾನವಾಗಿದೆ ಎನ್ನುವುದೇ ದೂರು. ನಾಲ್ಕನೆಯ ಸಲವೂ ಅಣ್ಣ ಕೂತಲ್ಲಿಂದಲೇ ಅವಳ ಯಂತ್ರದೊಳಗೆ ಇಣುಕಿ ನೋಡಿದರು. ಎಲ್ಲ ಸರಿಯಾಗಿತ್ತು.

"ಏನೂ ತೊಂದರೆ ಕಾಣ್ತಿಲ್ವಲ್ಲಮ್ಮ. ಒಂದ್ಸಲ ಆಫ್ ಮಾಡಿ ಆನ್ ಮಾಡು."

"ಮಾಡ್ತೀನಿ ಅಣ್ಣ. ಆನ್ ಆಗೋವರೆಗೂ ಲೈನಲ್ಲಿ ಇರ್ತೀರಾ?"

"ಇನ್ನೂ ಹನ್ನೆರಡು ಜನ ಕಾಯ್ತಿದ್ದಾರಮ್ಮ. ಸರಿಹೋಗ್ಲಿಲ್ಲ ಅಂದ್ರೆ ಮತ್ತೆ ಮಾಡು."

ಅವಳು ಮತ್ತೆ ಮಾಡಲಿಲ್ಲ. ಬುಧವಾರ ಬೆಳಿಗ್ಗೆ, ಸ್ವಲ್ಪ ಜ್ವರ, ರಜೆ ಬೇಕು ಎಂದು ಒಂದು ಸಾಲು ಬರೆದಳು. ಗುರುವಾರ ಅಣ್ಣನ ಪರದೆಯ ಮೇಲೆ ಅವಳ ಯಂತ್ರ ಚಾಲೂ ಇದೆಯೆಂದು ತೋರುತ್ತಿತ್ತು, ಆದರೆ ಹದಿನೆಂಟು ಗಂಟೆಯಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಅಣ್ಣ ವ್ಯಾನ್ ತೆಗೆದುಕೊಂಡು ಹೋದರು. ಮನೆಯ ಓನರ್ ಇನ್ನೊಂದು ಬೀಗದಕೈ ತಂದು ಬಾಗಿಲು ತೆರೆದರು. ಅವಳು ನೆಲದ ಮೇಲೆ ಮಂಚಕ್ಕೊರಗಿ ಕೂತಿದ್ದಳು. ತುಟಿ ನೀಲಿ.

"ಅಣ್ಣ, ಅಕ್ಕನಿಗೆ ಹೇಳ್ಬೇಡಿ," ಎಂದಳು. ಒಂದೊಂದು ಪದಕ್ಕೂ ನಿಂತು ನಿಂತು.

ಅಣ್ಣ ಅವಳನ್ನು ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಟರು. ನಾವು ನಮ್ಮದೇ ಪುಟ ತೆರೆದಿಟ್ಟುಕೊಂಡು ಒಬ್ಬೊಬ್ಬರು ಒಂದೊಂದು ಆಸ್ಪತ್ರೆಗೆ ಫೋನ್ ಹಚ್ಚಿದೆವು. ಹಾಸಿಗೆ ಇದೆ ಎಂದಿದ್ದ ಎರಡು ಕಡೆ, ವ್ಯಾನ್ ಮುಟ್ಟುವಷ್ಟರಲ್ಲಿ ತುಂಬಿಹೋಗಿತ್ತು. ಮೂರನೆಯ ಕಡೆ ಸಿಕ್ಕಿತು. ದಾರಿಯುದ್ದಕ್ಕೂ ಅಣ್ಣ ಅವಳ ಅಕ್ಕನಿಗೆ ಹನ್ನೊಂದು ಸಲ ಫೋನ್ ಮಾಡಿದ್ದರು. ಅಕ್ಕ ಆಗ ಇನ್ನೊಂದು ಆಸ್ಪತ್ರೆಯಲ್ಲಿ, ಮೈತುಂಬ ಕವಚ ತೊಟ್ಟು, ಯಾರ ಯಾರದೋ ಉಸಿರು ಕಾಯುತ್ತಿದ್ದಳು. ಫೋನು ಲಾಕರಿನಲ್ಲಿತ್ತು. ಡ್ಯೂಟಿ ಮುಗಿಸಿ ಓಡಿಬರುವಷ್ಟರಲ್ಲಿ ತಂಗಿಯ ಬಾಯಿಗೆ ಕೊಳವೆ ಹಾಕಿಯಾಗಿತ್ತು. ನಾಲ್ಕು ದಿನ ಗಾಜಿನಾಚೆಯಿಂದ ನೋಡಿದಳು. ಐದನೆಯ ದಿನ ನೋಡಲು ಏನೂ ಉಳಿಯಲಿಲ್ಲ.

ಮರುದಿನ ಬೆಳಗಿನ ಮೀಟಿಂಗಿನಲ್ಲಿ ಹನ್ನೆರಡರ ಬದಲು ಹನ್ನೊಂದು ಜನ ಇದ್ದೆವು. ಯಾರ ಮನೆಯಲ್ಲೋ ಕುಕ್ಕರ್ ಕೂಗಿತು. ಮ್ಯಾನೇಜರ್ ತಮ್ಮ ಕ್ಯಾಮೆರಾ ಆರಿಸಿಕೊಂಡರು.

ಹದಿನೈದು ದಿನ ಕಳೆದ ಮೇಲೆ ಅಕ್ಕ ಆಫೀಸಿಗೆ ಬಂದಳು. ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಕಂಪನಿಯ ಲ್ಯಾಪ್‌ಟಾಪ್. ಮಾಸ್ಕಿನ ಗೆರೆ ಕೆನ್ನೆಯಲ್ಲಿ ಗಾಯವಾಗಿ ಕೂತಿತ್ತು.

"ನೀವೇನಾ ಸಿಸ್ಟಮ್ ಅಣ್ಣ?"

"ಹೌದು. ಕೂತ್ಕೊಳ್ಳಿ ಸಿಸ್ಟರ್."

ಕೆಲಸ ಬಿಟ್ಟವರ ಯಂತ್ರ ವಾಪಸ್ ಬಂದರೆ ಅದರಲ್ಲಿರುವುದನ್ನೆಲ್ಲ ಅಳಿಸಿ ಮುಂದಿನವರಿಗೆ ಕೊಡುವುದು ಕಂಪನಿಯ ನಿಯಮ. ಅಣ್ಣ ಇಂಥವನ್ನು ನೂರಾರು ಅಳಿಸಿದ್ದರು. ಇದನ್ನು ತೆಗೆದುಕೊಳ್ಳಲು ಕೈ ಮುಂದೆ ಹೋಗಲಿಲ್ಲ.

"ಇದ್ರಲ್ಲಿ ಅವಳ ಮಾತು ಏನಾದ್ರೂ ಇರತ್ತಾ ಅಣ್ಣ?" ಎಂದಳು ಅಕ್ಕ. "ನನ್ನ ಫೋನಲ್ಲಿ ಇರೋದೆಲ್ಲ ಬರೀ ಮೆಸೇಜು. ಊಟ ಆಯ್ತಾ, ಆಯ್ತು. ಮಲಗು, ಸರಿ. ಅವಳ ದನಿ ಒಂದೂ ಇಲ್ಲ."

ಅಣ್ಣನಿಗೆ ಹೊಳೆಯಿತು. ನಮ್ಮ ಬೆಳಗಿನ ಮೀಟಿಂಗುಗಳೆಲ್ಲ ರೆಕಾರ್ಡ್ ಆಗುತ್ತಿದ್ದವು. ಅವತ್ತೇ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದರು. ಗ್ರಾಹಕರ ಗುಟ್ಟಿನ ವಿಷಯ ಇರುತ್ತದೆ, ಹೊರಗೆ ಕೊಡುವಂತಿಲ್ಲ ಎಂದರು ಮ್ಯಾನೇಜರ್. ಅಣ್ಣ ಫೋನ್ ಇಡಲಿಲ್ಲ. ಕೊನೆಗೆ ಮ್ಯಾನೇಜರೇ, "ಅವಳು ಮಾತಾಡಿದ್ದು ಮಾತ್ರ ಕತ್ತರಿಸಿ ತೆಗೀರಿ. ಒಂದೊಂದನ್ನೂ ನಾನೇ ಕೇಳಿ ಒಪ್ಪಿಗೆ ಕೊಡ್ತೀನಿ. ಮೇಲಿನವರು ಏನಾದ್ರೂ ಅಂದ್ರೆ ನನ್ನ ತಲೆ ಮೇಲಿರ್ಲಿ," ಎಂದರು.

ಹನ್ನೊಂದು ಜನ ಹಂಚಿಕೊಂಡೆವು. ನನ್ನ ಪಾಲಿಗೆ ಏಳು ಮೀಟಿಂಗು ಬಂದವು. ನಾನು ಅರ್ಧ ನಿದ್ದೆಯಲ್ಲಿ ಕೂತು ಕೇಳಿಸಿಕೊಳ್ಳದೇ ಬಿಟ್ಟಿದ್ದನ್ನೆಲ್ಲ ಈಗ ತಿರುಗಿಸಿ ತಿರುಗಿಸಿ ಕೇಳಿದೆ. ಒಂದರಲ್ಲಿ ಅವಳು ನನ್ನನ್ನೇ ಕೇಳಿದ್ದಳು, "ಯಾಕೋ ಇವತ್ತು ಮುಖ ಸಪ್ಪಗಿದೆ, ಹುಷಾರಿದ್ದೀಯಾ?" ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ಎಲ್ಲ ಜೋಡಿಸಿದಾಗ ಹತ್ತೊಂಬತ್ತು ನಿಮಿಷ ಆಯಿತು.

ಮುಂದಿನ ಸೋಮವಾರ ಬೆಳಿಗ್ಗೆ ಅಕ್ಕ ಮತ್ತೆ ಬಂದಳು. ಖಾಲಿ ಆಫೀಸಿನ ಮುಂಗೋಣೆಯಲ್ಲಿ ಎರಡು ಕುರ್ಚಿಗಳನ್ನು ದೂರದೂರ ಹಾಕಿ ಅಣ್ಣ ಕೇಳಿಸಿದರು. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ನನಗೆ ಹೇಳಿದ್ದು.

ಕುಕ್ಕರಿನ ಮಾತಿಗೆ ಅಕ್ಕ ನಕ್ಕಳಂತೆ. ಆಮೇಲೆ ತಲೆಯೆತ್ತಿ, "ಇದು ನಮ್ಮವಳೇನಾ?" ಎಂದಳಂತೆ. "ಮನೇಲಿ ಅವಳು ಮಾತೇ ಆಡ್ತಿರ್ಲಿಲ್ಲ ಅಣ್ಣ. ನಾನು ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗ್ತಿದ್ದೆ. ಸದ್ದು ಮಾಡ್ಬೇಡ, ಸದ್ದು ಮಾಡ್ಬೇಡ ಅಂತ ಹೇಳಿ ಹೇಳಿನೇ ಬೆಳೆಸಿದೆ. ಹಾಲಿನ ಪಾತ್ರೆ ಇಡೋವಾಗ್ಲೂ ಕೆಳಗೆ ಬಟ್ಟೆ ಹಾಸಿ ಇಡ್ತಿದ್ಲು. ಅವಳ ಸ್ವಭಾವವೇ ಅದು ಅಂದ್ಕೊಂಡಿದ್ದೆ."

ಹತ್ತೊಂಬತ್ತು ನಿಮಿಷ ಮುಗಿಯಿತು. "ಇಷ್ಟೇನಾ?" ಎಂದಳು.

ಇಷ್ಟೇ ಅಂದಿದ್ದರೆ ಮುಗಿದುಹೋಗುತ್ತಿತ್ತು. ಸಹಾಯವಾಣಿಯ ಕರೆಗಳೂ ರೆಕಾರ್ಡ್ ಆಗುತ್ತವೆಂದು ಅವಳಿಗೇನು ಗೊತ್ತು? ಅಣ್ಣನಿಗೆ ಸುಳ್ಳು ಹೇಳಲಾಗಲಿಲ್ಲ.

"ಇನ್ನೊಂದಿದೆ ಸಿಸ್ಟರ್. ಅದ್ರಲ್ಲಿ ನಾನು ಫೋನ್ ಇಟ್ಟುಬಿಟ್ಟಿದ್ದೀನಿ. ಅವಳು ಇರಿ ಅಂದ್ರೂ ಇಟ್ಟುಬಿಟ್ಟಿದ್ದೀನಿ."

"ಹಾಕಿ."

ಮಂಗಳವಾರದ ನಾಲ್ಕನೇ ಕರೆ ಅದು. ಒಂದು ನಿಮಿಷವೂ ಇಲ್ಲ. ಅಕ್ಕ ಕಣ್ಣುಮುಚ್ಚಿ ಕೇಳಿದಳು. ಇನ್ನೊಮ್ಮೆ ಹಾಕಿ ಎಂದಳು. ಎರಡನೆಯ ಸಲ ಅವಳ ಹೆಬ್ಬೆರಳು ಒಂದೊಂದು ಬೆರಳಿನ ಗೆಣ್ಣು ಮುಟ್ಟುತ್ತಾ ಹೋಯಿತು. ತಂಗಿಯ ಮಾತನ್ನಲ್ಲ, ಮಾತಿನ ನಡುವಿನ ಉಸಿರನ್ನು ಎಣಿಸುತ್ತಿದ್ದಾಳೆಂದು ಅಣ್ಣನಿಗೆ ತಡವಾಗಿ ತಿಳಿಯಿತು.

"ಉಸಿರು ನಿಮಿಷಕ್ಕೆ ಮೂವತ್ತು ದಾಟಿದೆ," ಎಂದಳು. "ಆಗ್ಲೇ ಕರ್ಕೊಂಡು ಹೋಗ್ಬೇಕಿತ್ತು."

ಅಣ್ಣ ಮುಖ ಮುಚ್ಚಿಕೊಂಡರು. "ನನಗೆ ಗೊತ್ತಾಗ್ಲಿಲ್ಲ ತಾಯಿ."

"ನಿಮಗೆ ಹೇಗೆ ಗೊತ್ತಾಗತ್ತೆ? ನನಗೆ ಗೊತ್ತಾಗ್ತಿತ್ತು. ಎರಡು ಮಾತು ಕೇಳಿದ್ರೆ ಸಾಕಿತ್ತು." ಗೆಣ್ಣಿನ ಮೇಲೆ ನಿಂತಿದ್ದ ಹೆಬ್ಬೆರಳನ್ನು ತೆಗೆದಳು. "ಅದು ಅವಳಿಗೂ ಗೊತ್ತಿತ್ತು. ಅದಕ್ಕೇ ನನಗೆ ಫೋನ್ ಮಾಡ್ಲಿಲ್ಲ. ನಿಮಗೆ ಮಾಡಿದ್ಲು."

ಎರಡು ಗಂಟೆಗೆ ಅವಳಿಗೆ ಡ್ಯೂಟಿಯಿತ್ತು. ಅಣ್ಣ ವ್ಯಾನಿನಲ್ಲಿ ಕರೆದುಕೊಂಡು ಹೋದರು. ಆಸ್ಪತ್ರೆಯ ಗೇಟಿನಲ್ಲಿ ಅವಳು ಇಳಿದು, ಮಾಸ್ಕು ಸರಿಮಾಡಿಕೊಂಡು, ಆಂಬುಲೆನ್ಸುಗಳ ಸಾಲಿನ ನಡುವೆ ಒಳಗೆ ನಡೆದಳು. ಅಣ್ಣ ಅಲ್ಲೇ ಕೂತುಬಿಟ್ಟರು. ಹಿಂದೆ ಹಾರ್ನ್ ಹೊಡೆಯುತ್ತಿದ್ದರೂ ಗೇರು ಕೈಗೆ ಸಿಗಲಿಲ್ಲ. ಗೇಟಿನ ಕಾವಲುಗಾರ ಕಿಟಕಿ ತಟ್ಟಿ, "ಯಜಮಾನ್ರೇ, ಪೇಶೆಂಟ್ ಕಾಯ್ತಿದ್ದಾರೆ, ಮುಂದೆ ತಗೊಳ್ಳಿ," ಎಂದ ಮೇಲೆಯೇ ಹೊರಟದ್ದು.

ಲ್ಯಾಪ್‌ಟಾಪನ್ನು ಆ ಸಂಜೆ ಅವರೇ ಅಳಿಸಿದರು. ಬೇರೆಯವರ ಕೈಗೆ ಕೊಡಲಿಲ್ಲ.

ಅಕ್ಕ ಈಗಲೂ ಅದೇ ಆಸ್ಪತ್ರೆಯಲ್ಲಿದ್ದಾಳೆ. ಬಾಡಿಗೆ ಮನೆ ಬಿಟ್ಟಳು, ಹಾಸ್ಟೆಲಿನಲ್ಲೇ ಉಳಿದಳು. ಅಣ್ಣನ ಹೆಂಡತಿ ಎಷ್ಟು ಸಲ ಕರೆದರೂ ಮನೆಗೆ ಬಂದಿಲ್ಲ. ಬರ್ತೀನಿ ಅತ್ತಿಗೆ, ಎನ್ನುತ್ತಾಳೆ. ಅಣ್ಣ ಒಮ್ಮೆ ಕೆಲಸ ಬಿಡುತ್ತೇನೆಂದು ಪತ್ರ ಬರೆದು, ಮಗಳ ಓದು ಇನ್ನೂ ಇದೆಯೆಂದು ಹರಿದುಹಾಕಿದರು. ಆಫೀಸು ತೆರೆದು ನಾವೆಲ್ಲ ಮರಳಿದ ದಿನ ನಾನು ಅವರ ಹತ್ತಿರ ಹೋಗಿ ಕಂಪ್ಯೂಟರ್ ಚಾಲೂ ಆಗುತ್ತಿಲ್ಲ ಎಂದೆ. ಆಫ್ ಮಾಡಿ ಆನ್ ಮಾಡಿದ್ರಾ ಎಂದು ಅವರು ಕೇಳಲಿಲ್ಲ. ಎದ್ದು ನನ್ನ ಜೊತೆ ಬಂದರು.