ಸಮ ಮಾಡಿದ ನೀರು

ಚನ್ನಪಟ್ಟಣದ ನಮ್ಮ ಚಿಕ್ಕಮ್ಮ ಜಲತರಂಗ ನುಡಿಸುತ್ತಿದ್ದಳು. ಪಿಂಗಾಣಿ ಬಟ್ಟಲುಗಳಿಗೆ ನೀರು ಹಾಕಿ, ಪಕ್ಕದ ಬೀದಿಯ ಬೊಂಬೆ ಮಾಡುವ ಸಾಹೇಬರು ಕಡೆದುಕೊಟ್ಟ ಕಡ್ಡಿಗಳಿಂದ ತಟ್ಟಿದಳೆಂದರೆ, ಅಬ್ಬಬ್ಬಾ, ಆ ನಾದ! ಅಂಥ ಕೈ ನಾನು ಇವತ್ತಿನವರೆಗೂ ಬೇರೆ ಕಂಡಿಲ್ಲ. ಆದರೆ ಅವಳ ಅತ್ತೆಗೆ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರಿಗೆ, ಅದು ಬರೀ ಬಟ್ಟಲು ಕುಟ್ಟುವ ಕೆಲಸ. ಒಂದು ದಿನವೂ ಹತ್ತಿರ ಕೂತು ಕೇಳಿದವರಲ್ಲ.

ಮೊಮ್ಮಗುವಿನ ನಾಮಕರಣದಲ್ಲಿ ಚಿಕ್ಕಮ್ಮ ನುಡಿಸಲಿ ಎಂದು ಅಜ್ಜಿ ಹೇಗೋ ಒಪ್ಪಿದರು. "ನಾಕು ಜನದ ಮುಂದೆ ಮರ್ವಾದೆ ಹೋದ್ರೆ ಬಟ್ಟಲೆಲ್ಲಾ ಅಡುಗೆಮನೆ ಸೇರ್ತವೆ, ಹೇಳ್ಬುಟ್ಟಿದೀನಿ" ಎಂದರು. ಹೇಳಿದ್ದನ್ನು ಮಾಡುವ ಹೆಂಗಸು ಅದು.

ಚಿಕ್ಕಮ್ಮ ನಡುಮನೆಯಲ್ಲಿ ಬಟ್ಟಲು ಜೋಡಿಸಿ, ಚಮಚದಲ್ಲಿ ನೀರು ಹಾಕಿ, ತೆಗೆದು, ಶ್ರುತಿ ಕೂಡಿಸಿ, ಸೀರೆ ಬದಲಿಸಲು ಒಳಗೆ ಹೋದಳು. ಆಗ ಅಜ್ಜಿ ಅಲ್ಲಿಗೆ ಬಂದದ್ದನ್ನು ನಾವ್ಯಾರೂ ನೋಡಲಿಲ್ಲ. ಆ ಮನೆಯಲ್ಲಿ ಪಂಕ್ತಿಭೇದವೆಂದರೆ ಮಹಾಪಾಪ. ಎಲೆ ಮುಂದೆ ಯಾರೇ ಕೂತಿರಲಿ, ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಮ್ಮಿ ಬಡಿಸುವಂತಿಲ್ಲ. ಮಗನಿಗೂ ಅಷ್ಟೇ, ಆಳಿಗೂ ಅಷ್ಟೇ. ಅಂಥವರ ಕಣ್ಣಿಗೆ ಒಂದು ಬಟ್ಟಲು ತುಂಬಿ, ಇನ್ನೊಂದರಲ್ಲಿ ತಳ ಕಂಡರೆ ಸುಮ್ಮನಿರುತ್ತಾರೆಯೇ? ಚೊಂಬು ತಂದು ಎಲ್ಲವನ್ನೂ ಒಂದೇ ಮಟ್ಟಕ್ಕೆ ತುಂಬಿಸಿಬಿಟ್ಟರು.

ಚಿಕ್ಕಮ್ಮ ಬಂದು ತಟ್ಟಿದಳು. ದೇವರೇ, ಎಲ್ಲ ಅಪಸ್ವರ! ನೆಂಟರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾರು ನೀರು ಮುಟ್ಟಿದ್ದು?" ಎಂದಳು ಚಿಕ್ಕಮ್ಮ.

"ನಾನೇ ಕಣವ್ವ" ಎಂದರು ಅಜ್ಜಿ. "ನೀನು ಒಂದಕ್ಕೆ ಜಾಸ್ತಿ, ಒಂದಕ್ಕೆ ಕಮ್ಮಿ ಹಾಕ್ಬುಟ್ಟಿದ್ಯಲ್ಲ. ಬಂದೋರು ಏನಂದ್ಕತಾರೆ ಅಂತ ಸಮ ಮಾಡ್ದೆ."

ನಾನಾಗಿದ್ದರೆ ಕಡ್ಡಿ ಬಿಸಾಕಿ ಎದ್ದು ಹೋಗುತ್ತಿದ್ದೆ. ಚಿಕ್ಕಮ್ಮ ಪಕ್ಕದಲ್ಲಿ ಜಾಗ ಮಾಡಿ, "ಇಲ್ಲಿ ಕೂತ್ಕಳಿ ಅತ್ತೆ, ಒಸಿ ಕೇಳಿ" ಎಂದಳು. ಒಂದು ಬಟ್ಟಲನ್ನು ತಟ್ಟಿದಳು, ಒಂದು ಚಮಚ ನೀರು ತೆಗೆದಳು, ಮತ್ತೆ ತಟ್ಟಿದಳು. ನೀರು ಇಳಿದಂತೆ ದನಿ ಏರಿತು. ಅಜ್ಜಿ ಬಗ್ಗಿ ಕಿವಿಗೊಟ್ಟರು. ಸ್ವಲ್ಪ ಹೊತ್ತಿಗೆ ಅವರೇ, "ಇನ್ನೊಸಿ ತೆಗಿ... ಸಾಕು, ಸಾಕು!" ಎನ್ನತೊಡಗಿದರು. ನೆಂಟರ ನಗು ನಿಂತಿತ್ತು. ಆಮೇಲೆ ನುಡಿಸಿದಳು ನೋಡಿ, ಒಲೆ ಮುಂದಿದ್ದವರೂ ಸೌಟು ಹಿಡಿದುಕೊಂಡೇ ಬಂದು ನಿಂತರು.

ಹೆಂಗಸರ ಪಂಕ್ತಿಗೆ ಅಜ್ಜಿಯೇ ಪಾಯಸ ಬಡಿಸುತ್ತ ಬಂದರು. ಎಲ್ಲರಿಗೂ ಒಂದೊಂದು ಸೌಟು. ಚಿಕ್ಕಮ್ಮನ ಎಲೆಗೂ ಒಂದು ಹಾಕಿದರು. ಪಂಕ್ತಿಯತ್ತ ಒಮ್ಮೆ ನೋಡಿದರು. ಇನ್ನೊಂದು ಹಾಕಿದರು.