ಹೀಚಿಗೆ ಬೆರಳು ತೋರಿಸಬಾರದು

ಕೃತ್ತಿಕೆ ಮಳೆ ಹನಿಯುವ ಹೊತ್ತಿಗೆ ಹಿತ್ತಿಲ ಸೋರೆಬಳ್ಳಿಗೆ ಮಾಡಬೇಕಾದ ಕೆಲಸ ಬಹಳವಿಲ್ಲ. ಬುಡಕ್ಕೆ ಮಣ್ಣು ಏರಿಸಿ, ಎಲೆಗೆ ಒಲೆಯ ಬೂದಿ ಉದುರಿಸಿ, ದೃಷ್ಟಿಯಾಗದಂತೆ ಚಪ್ಪರಕ್ಕೆ ಹಳೇ ಚಪ್ಪಲಿ ಕಟ್ಟಿ. ಮುಖ್ಯವಾಗಿ, ಹೀಚಿಗೆ ಬೆರಳು ತೋರಿಸಬೇಡಿ. ತೋರಿಸಿದರೆ ಕೊಳೆತು ಉದುರುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಿ. ನಗುವವರು ನಗಲಿ, ನನ್ನ ಮದುವೆಗೇ ಇದು ಅಡ್ಡ ಬಂದಿತ್ತು.

ಅರವತ್ತರ ದಶಕದ ಕೊನೆ, ನಾವು ರಾವಂದೂರಿನಲ್ಲಿದ್ದೆವು. ಅದಕ್ಕೆ ಮೊದಲು ನನ್ನನ್ನು ನೋಡಲು ಬಂದ ಎರಡು ಕಡೆಯವರೂ ಹುಡುಗಿ ಬಾಯಿ ಜೋರು ಎಂದು ಎದ್ದು ಹೋಗಿದ್ದರು. ಒಬ್ಬರಿಗೆ ಕಾಫಿ ಸೊರ್ ಎನ್ನಿಸದೆ ಕುಡಿಯಿರಿ ಎಂದಿದ್ದೆ, ಅಷ್ಟೇ. ಕೆ.ಆರ್. ನಗರದ ಕಡೆಯವರು ಬರುವ ದಿನ ಅವ್ವ ಬೆಳಿಗ್ಗೆಯೇ ನನ್ನನ್ನು ಒಲೆ ಮುಂದೆ ಕೂರಿಸಿಕೊಂಡಳು.

"ಅವ್ರು ಬಸ್ ಅತ್ತೋಗಂಟ ತುಟಿ ಪಿಟಕ್ ಅನ್ಬ್ಯಾಡ ಕಣೆ. ಇದೂ ತಪ್ಪೋದ್ರೆ ನಿನ್ನ ಮನೇಲೇ ಮಡಿಕೋಬೇಕಾಯ್ತದೆ."

ಹುಡುಗ ಬಂದಾಗ ಬಾಗಿಲ ಸಂದಿಯಿಂದ ನೋಡಿದೆ. ಇಷ್ಟವಾದ. ಇವನೇ ಆಗಲಿ ಎಂದುಕೊಂಡು ಬಾಯಿ ಬಿಗಿಹಿಡಿದೆ.

ಉಪ್ಪಿಟ್ಟು ಮುಗಿದ ಮೇಲೆ ಹುಡುಗನ ಅಪ್ಪ ಕೈ ತೊಳೆಯಲು ಹಿತ್ತಿಲಿಗೆ ಬಂದರು. ಚೊಂಬು ಹಿಡಿದು ನಾನು, ನನ್ನನ್ನು ಕಾಯಲು ಅವ್ವ, ಬಾಗಿಲಲ್ಲಿ ಹುಡುಗ. ಕೈ ತೊಳೆದವರು ತಲೆ ಎತ್ತಿದರು. ಚಪ್ಪರದ ತುಂಬ ಸೋರೆ ಹೀಚು. ಶಿವರಾತ್ರಿ ಕಳೆದಾಗಿನಿಂದ ಬಚ್ಚಲ ನೀರು ಕುಡಿಸಿ ನಾನೇ ಸಾಕಿದ್ದೆ.

"ಭಲೇ, ಏಟೊಂದವೆ" ಎನ್ನುತ್ತಾ ಅವರು ತೋರುಬೆರಳನ್ನು ನೆಟ್ಟಗೆ ಎತ್ತಿ ಎಣಿಸಲು ಹೊರಟರು.

ಅವ್ವ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ನನಗೆ ತಡೆಯಲಾಗಲಿಲ್ಲ.

"ಬೆರಳು ಮಡಚ್ಕಳಿ ಮಾವ, ಈಚು ಉದ್ರೋಯ್ತವೆ" ಎಂದೇಬಿಟ್ಟೆ. ಇನ್ನೂ ಮಾವನಾಗದವರನ್ನು ಮಾವ ಎಂದದ್ದು ಬೇರೆ.

ಅವ್ವ ಹಣೆ ಚಚ್ಚಿಕೊಂಡು, "ಬುಡಿ ಅಣ್ಣ, ಅದ್ಕೆ ಬುದ್ಧಿಲ್ಲ" ಎಂದಳು.

ಅವರು ಎತ್ತಿದ ಬೆರಳನ್ನು ಒಮ್ಮೆ ನೋಡಿಕೊಂಡು ಮೆಲ್ಲಗೆ ಮಡಚಿದರು. ಮಡಚಿದ ಬೆರಳಿನಲ್ಲೇ ಚಪ್ಪರದ ಈ ತುದಿಯಿಂದ ಆ ತುದಿಯವರೆಗೆ ಒಂದೂ ಬಿಡದೆ ಎಣಿಸಿದರು. ಈ ಸಂಬಂಧವೂ ಹೋಯಿತೆಂದು ನನಗೆ ಅಳು ಬಂತು. ಹುಡುಗನ ಮುಖ ನೋಡಲಾಗಲಿಲ್ಲ.

ಎಣಿಸಿ ಮುಗಿಸಿದವರು ಮಗನ ಕಡೆ ತಿರುಗಿದರು. ಬೆರಳು ಬಿಚ್ಚದೆ, ಅದೇ ಗೆಣ್ಣನ್ನು ಜೋಪಾನವಾಗಿ ನನ್ನತ್ತ ಮಾಡಿ ಕೇಳಿದರು:

"ಏನ್ಲಾ, ಈ ಕೂಸು ಆಗ್ಬೋದಾ?"